ಶಿವಗಂಗವ್ವನ ಜಳಕ

ಮುಂಜಾನೆ ಹೆಂಡತಿಯ ತಲೆಯ ಮೇಲೆ ತಣ್ಣೀರು ಸುರಿದು ಬಂದ ವಿರುಪಾಕ್ಷಪ್ಪನಿಗೆ ತೋಟದಲ್ಲಿ ಯಾವುದೂ ಸರಿಕಾಣಲಿಲ್ಲ. ದ್ರಾಕ್ಷಿಗೆ ಔಷಧ ಹೊಡೆಯುವವರು ಎಲೆಯ ಮೇಲಷ್ಟೇ ಹೊಡೆಯುತ್ತಿದ್ದಾರೆ ಎಂದು ರೇಗಿದ. ಬಗ್ಗಿ ನೋಡಿದರೆ ಎಲೆಯ ಅಡಿಯೂ ಚೆನ್ನಾಗಿಯೇ ತೊಯ್ದಿತ್ತು. ಅವನು ಬಗ್ಗಿ ನೋಡಿದ್ದನ್ನು ಆಳುಗಳು ನೋಡಿದರು. ಕೆಮ್ಮಿ ಮುಂದಿನ ಸಾಲಿಗೆ ಹೋದ. ಐಗಳಿ ಊರಿನಲ್ಲಿ ಅವನ ಮಾತಿಗೆ ಎದುರಾಡುವವರು ಕಡಿಮೆ. ಬೋರು ಎಲ್ಲಿ ಹೊಡೆಸಬೇಕು, ಕಬ್ಬಿಗೆ ಯಾವಾಗ ನೀರು ನಿಲ್ಲಿಸಬೇಕು, ಯಾರ ಮಗಳನ್ನು ಯಾರ ಮನೆಗೆ ಕೊಟ್ಟರೆ ಬಾಳೀತು ಎಂದು ಕೇಳಲು ಬಂದವರು ಅವನ ಪಡಸಾಲೆಯಲ್ಲಿ ಕೂತು ಚಹಾ ಕುಡಿದು, ಅವನು ಹೇಳಿದಂತೆಯೇ ಮಾಡಿ, ಬಹುಮಟ್ಟಿಗೆ ಸುಖವಾಗಿಯೇ ಇದ್ದರು. ತಾನು ತಪ್ಪುವವನಲ್ಲ ಎಂಬುದು ಅವನಿಗೆ ಜಂಬದ ಸಂಗತಿಯೂ ಆಗಿರಲಿಲ್ಲ. ತನಗೆ ಎತ್ತರದ ಮೈಕಟ್ಟಿದೆ, ದೂರದ ಕಣ್ಣು ಇನ್ನೂ ಚುರುಕಾಗಿದೆ ಎಂಬಂಥದೇ ಇನ್ನೊಂದು ಸಂಗತಿ. ಆದರೆ ಇವತ್ತು ಬಳ್ಳಿಯ ಅಡಿಯಲ್ಲಿ ನಡೆಯುವಾಗ ಎಲೆಯಿಂದ ತೊಟ್ಟಿಕ್ಕಿದ ಒಂದು ಹನಿ ಕುತ್ತಿಗೆಯ ಹಿಂದೆ ಬಿದ್ದು ಬೆನ್ನಿಗಿಳಿಯಿತು. ಅವನು ನಿಂತುಬಿಟ್ಟ. ಇಷ್ಟು ಥಂಡಿ ಇತ್ತೇ ಆ ನೀರು ಎಂದುಕೊಂಡ.

ಶ್ರಾವಣದಲ್ಲಿ ಶಿವಗಂಗವ್ವನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದಾಗ, ಮೊದಮೊದಲು ಅವಳಿಗೆ ಜಳಕ ಮಾಡಿಸುತ್ತಿದ್ದವಳು ಸೊಸೆ ಪ್ರಾಜಕ್ತಾ. ಅಥಣಿಯ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ. ಬಸ್ಸಿಗೆ ಹೊತ್ತಾಗುತ್ತಿದ್ದರೂ ಒಂದು ದಿನವೂ ಮುಖ ಗಂಟಿಕ್ಕಿದವಳಲ್ಲ. ಆದರೆ ಶಿವಗಂಗವ್ವ ಬಚ್ಚಲಿನಲ್ಲಿ ಸುಮ್ಮನೆ ಅಳುತ್ತಿದ್ದಳು, ತ್ರಾಸಾತವಾ ನಿನಗ, ತ್ರಾಸಾತವಾ ಎನ್ನುತ್ತಿದ್ದಳು. ಅದು ಪಡಸಾಲೆಯವರೆಗೂ ಕೇಳುತ್ತಿತ್ತು. ಪ್ರಾಜಕ್ತಾ ತವರಿಗೆಂದು ನಿಪ್ಪಾಣಿಗೆ ಹೋದ ವಾರ ವಿರುಪಾಕ್ಷಪ್ಪ ಯಾರಿಗೂ ಹೇಳದೆ ಧೋತರವನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ ಬಚ್ಚಲಿಗೆ ಹೋದ. ಕುಡಿದ ಲೋಟವನ್ನೂ ಎತ್ತಿಡದ ಕೈ ಅದು. ಮೊದಲ ದಿನ ಸಾಬೂನು ಅವಳ ಕಣ್ಣಿಗೆ ಹೋಯಿತು, ಎರಡನೆಯ ದಿನ ಬಾಚಣಿಗೆ ಜಡೆಯಲ್ಲಿ ಸಿಕ್ಕಿತು. ಆಮೇಲೆ ಕೈ ಕಲಿಯಿತು. ನೀರನ್ನು ಮೊದಲು ಪಾದಕ್ಕೆ, ಆಮೇಲೆ ಹೆಗಲಿಗೆ, ಕಡೆಗೆ ತಲೆಗೆ ಹಾಕಬೇಕೆಂದು ಕೈಗೇ ತಿಳಿಯಿತು. ಅವಳು ಅಳಲಿಲ್ಲ. ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದಳು. ಇಷ್ಟು ವರ್ಷ ಕತ್ತಲಲ್ಲಷ್ಟೇ ಬಲ್ಲ ಬೆನ್ನಿನಲ್ಲಿ, ಎಡ ಹೆಗಲೆಲುಬಿನ ಕೆಳಗೆ, ಎಳ್ಳಿನಷ್ಟು ಮಚ್ಚೆಯೊಂದಿದೆ ಎಂದು ಈ ವಯಸ್ಸಿನಲ್ಲಿ ಅವನು ಕಂಡ. ಪ್ರಾಜಕ್ತಾ ತಿರುಗಿ ಬಂದಮೇಲೂ ಆ ಕೆಲಸ ಅವನಲ್ಲೇ ಉಳಿಯಿತು. ಮನೆಯವರು ಅದರ ಮಾತೆತ್ತುತ್ತಿರಲಿಲ್ಲ. ಊರಿಗೆ ಗೊತ್ತಿರಲಿಲ್ಲ. ಯಾರೋ ಹೆಣ್ಣುಮಗಳು ಬಂದು ಮಾಡಿಸಿ ಹೋಗುತ್ತಾಳೆ ಎಂದು ಊರು ತಿಳಿದಿತ್ತು. ತಿಳಿದಿರಲಿ ಎಂದು ಅವನೂ ಬಿಟ್ಟಿದ್ದ.

ಮಲಗುವ ಕೋಣೆಗೆ ಹೊಂದಿಕೊಂಡ ಆ ಬಚ್ಚಲಿನ ಗೋಡೆಯ ಮೇಲೆ ಮಗ ಸಂಜಯ ಕೂರಿಸಿದ ಕರೆಂಟಿನ ಗೀಜರ್ ಇದೆ. ಚಿಕ್ಕ ಟಾಕಿ, ಒಬ್ಬರ ಜಳಕಕ್ಕೆ ಸಾಕು, ತಲೆಗೆ ಎರೆದುಕೊಂಡರೆ ಸಾಲದು. ಇವತ್ತು ಎಣ್ಣೆ ಹಚ್ಚಿದ ತಲೆ. ಸಾಬೂನು ಹಚ್ಚಿ ತಿಕ್ಕಿ ನೊರೆ ಎಬ್ಬಿಸಿದ ಮೇಲೆ ಕರೆಂಟು ಹೋಯಿತು. ಟಾಕಿಯಲ್ಲಿ ಉಳಿದ ಬಿಸಿನೀರು ಎರಡು ತಂಬಿಗೆಗೆ ಮುಗಿದು, ನಳದಿಂದ ಡಿಸೆಂಬರಿನ ನೀರು ಬರತೊಡಗಿತು. "ಥಂಡಿ," ಅಂದಳು ಶಿವಗಂಗವ್ವ. ಒಲೆಯ ಮೇಲೆ ನೀರಿಡಲು ಪ್ರಾಜಕ್ತಾಳಿಗೆ ಕೂಗಬಹುದಿತ್ತು. ಕಾಯುವವರೆಗೆ ಅವಳಿಗೆ ಟಾವೆಲ್ ಹೊದಿಸಿ ಕೂರಿಸಬಹುದಿತ್ತು. ಅವನಿಗೆ ಸಿಟ್ಟು ಬಂತು; ಕರೆಂಟಿನ ಮೇಲೋ, ತಾನು ಇಲ್ಲಿ ಹೀಗೆ ಒದ್ದೆ ಧೋತರದಲ್ಲಿ ನಿಂತಿದ್ದರ ಮೇಲೋ. "ಸುಮ್ಮ ಕುಂದ್ರ, ಮುಗೀತು," ಎಂದು ಗದರಿ, ತಂಬಿಗೆಯ ಮೇಲೆ ತಂಬಿಗೆ ಸುರಿದ. ಅವಳು ಕೂಗಲಿಲ್ಲ. ನೊರೆ ಇಳಿಯುತ್ತಿದ್ದ ಮುಖವನ್ನು ಎತ್ತಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನು ಗುರುತು ಹಿಡಿಯುತ್ತಿದ್ದ, ಅದಕ್ಕೆ ಉತ್ತರವೂ ಅವನಲ್ಲಿರುತ್ತಿತ್ತು. ಅದು ಸಿಟ್ಟಲ್ಲ. ಅವನ ಬಗ್ಗೆ ಏನನ್ನೋ ಯೋಚಿಸುತ್ತಿರುವವಳ ನೋಟ.

ಹರಿಯುತ್ತಲೇ ನೀರು ಕಾಯುವ ಗ್ಯಾಸಿನ ಗೀಜರ್ ಇರುತ್ತದೆ, ಟಾಕಿಯೇ ಇರುವುದಿಲ್ಲ, ಕರೆಂಟೂ ಬೇಡ, ನಳ ತಿರುವಿದರೆ ಉರಿ ಹತ್ತುತ್ತದೆ, ನಿಲ್ಲಿಸಿದರೆ ಆರುತ್ತದೆ ಎಂದು ಸಂಜಯ ಹಿಂದೆ ಒಮ್ಮೆ ಹೇಳಿದ್ದ. ಆಗ ವಿರುಪಾಕ್ಷಪ್ಪ ಅದನ್ನು ತಳ್ಳಿಹಾಕಿದ್ದ. ಈಗ ಬಳ್ಳಿಯ ಅಡಿಯಲ್ಲೇ ತೀರ್ಮಾನಿಸಿದ. ತೀರ್ಮಾನಿಸಿದೊಡನೆ ಎಂದಿನಂತೆ ಮೈ ಹಗುರವಾಯಿತು. ಮೋಟರ್‌ಸೈಕಲ್ ಹತ್ತಿ ಅಥಣಿಯ ದಾರಿ ಹಿಡಿದ. ಎದೆಗೆ ಹೊಡೆಯುವ ಗಾಳಿಯಲ್ಲಿ, ಕಬ್ಬಿನ ಟ್ರಾಕ್ಟರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ, ಇದೊಂದು ದೊಡ್ಡ ಮಾತೇನಲ್ಲ, ಯಂತ್ರ ಬದಲಾದರೆ ಆಯಿತು ಎಂದು ತನಗೆ ತಾನೇ ಒಪ್ಪಿಸುತ್ತ ಹೋದ.

ಅಂಗಡಿಯ ಸಂಗ್ರಾಮ ಮರಾಠಿ ಮಾತಿನ ಹುಡುಗ. "ಬಸಾ ಕಾಕಾ, ಬಸಾ," ಎಂದು ಕುರ್ಚಿ ಎಳೆದು, ಚಹಾಕ್ಕೆ ಹೇಳಿದ. ಇನ್ನೊಂದು ಕುರ್ಚಿಯಲ್ಲಿ ಪಂಪಿನ ಬಿಡಿಭಾಗಕ್ಕೆ ಕಾಯುತ್ತ ಶಿವರಾಜ ಕೂತಿದ್ದ. ಅಂಕಲಿಯವನು, ಕಬ್ಬಿನ ರೈತ. ಎಲ್ಲರೊಡನೆ ಸಲುಗೆ, ನಾಲಗೆಗೆ ಲಗಾಮಿಲ್ಲ. ಗೀಜರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನು ನಕ್ಕ.

"ಏನ್ರಿ ವಿರುಪಾಕ್ಷಪ್ಪಣ್ಣಾರ, ಈ ವಯಸ್ಸಿನ್ಯಾಗ ಕುದಿಯೂ ನೀರ ಯಾರಿಗ್ರಿ? ಮದಿವಿ ಗಿದಿವಿ ಮಾಡ್ಕೊಳ್ಳಾವ್ರದೀರೇನ?"

"ಮನ್ಯಾಗ ಲಕ್ವಾ ಹೊಡದೈತಲಾ. ಅವರಿಗಿ," ಎಂದ ವಿರುಪಾಕ್ಷಪ್ಪ. ಹೆಂಡತಿಯನ್ನು ಅವರು ಎಂದದ್ದು, ಬೇರೆ ಯಾರದೋ ಮನೆಯ ರೋಗಿಯ ಮಾತಿನಂತೆ ತನಗೇ ಕೇಳಿಸಿತು.

ಶಿವರಾಜ ನಗು ನಿಲ್ಲಿಸಿ, "ಹಾಂ, ಹಾಂ, ಅಕ್ಕಾರಿಗಿ," ಎಂದ. "ಈಗ ಹೆಂಗದಾರ್ರಿ? ಜಳಕಾ ಗಿಳಕಾ ಯಾರ ಮಾಡಸ್ತಾರ?"

"ಒಬ್ಬಾಕಿ ಹೆಣ್ಣಮಗಳ ಬರ್ತಾಳ."

ಅದು ಅವನ ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಆ ಹೆಣ್ಣುಮಗಳ ಹೆಸರು ಕೇಳಿದ್ದರೂ ಹೇಳಿಬಿಡುತ್ತಿದ್ದ. ಇದುವರೆಗೆ ಊರು ತಾನಾಗಿ ತಿಳಿದುಕೊಂಡದ್ದು ಬೇರೆ. ಈಗ ಅವನು ತನ್ನ ಬಾಯಿಂದ ತನ್ನ ಎರಡು ಕೈಗಳನ್ನು ಕಡಿದು ಒಗೆದ ಹಾಗಾಯಿತು. ಒದ್ದೆ ಬೆನ್ನು ಒರೆಸುವ, ಬಿದ್ದುಹೋದ ಬಲಗೈಯನ್ನು ಮೊದಲು ತೋಳಿಗೆ ತೂರಿಸಿ ಆಮೇಲೆ ಕುಪ್ಪಸ ಏರಿಸುವ ಕೈಗಳು ಆ ಕ್ಷಣ ಯಾವಳೋ ಇಲ್ಲದ ಹೆಂಗಸಿನವಾದವು. ಚಹಾ ಬಂತು. ಬಸಿಗೆ ಹಾಕಿಕೊಂಡು ಕುಡಿದ. ಸಂಗ್ರಾಮ ಗೋಡೆಯ ಬಿಳಿ ಪೆಟ್ಟಿಗೆಯನ್ನು ತಟ್ಟುತ್ತ, ನೀರಿನ ಒತ್ತಡ ಎಷ್ಟಿದೆ, ಮೇಲಿನ ಟಾಕಿ ಎಷ್ಟು ಎತ್ತರದಲ್ಲಿದೆ, ಬೋರಿನ ನೀರು ಸವಳೇ ಸಿಹಿಯೇ ಎಂದು ಕೇಳಿದ. ಎಲ್ಲಕ್ಕೂ ವಿರುಪಾಕ್ಷಪ್ಪನಲ್ಲಿ ಉತ್ತರವಿತ್ತು, ಕೇಳಿದ್ದಕ್ಕಿಂತ ಒಂದು ಹೆಚ್ಚೇ ಇತ್ತು. ಕಡೆಗೆ ಸಂಗ್ರಾಮ, ನಳವನ್ನು ಎಲ್ಲಿ ಕೂರಿಸಬೇಕೆಂದು ತಿಳಿಯಲು ಕೇಳಿದ:

"ಕಾಕಾ, ಕಾಕೂಗ ತಾವ ನಳಾ ತಿರವಾಕ ಬರತೈತೇನ್ರಿ? ಯಾವ ಕೈ ನಡೀತೈತಿ, ಎಡಗೈಯೋ ಬಲಗೈಯೋ?"

"ಎಡಗೈ," ಎಂದ. ಎಡಗೈಯಿಂದ ಅವಳು ರೊಟ್ಟಿ ಮುರಿಯುವುದನ್ನು ನೋಡಿದ್ದಾನೆ. ಕೋಲು ಹಿಡಿಯುವುದನ್ನು ನೋಡಿದ್ದಾನೆ. ನಳ? ಅವಳು ಜಳಕಕ್ಕೆ ಕೂತಾಗ ನಳ ಯಾವಾಗಲೂ ಅವನ ಕೈಯಲ್ಲಿ. "ಗೊತ್ತಿಲ್ಲ," ಎಂದ. ಶಿವರಾಜ ತಲೆ ಎತ್ತಿ ನೋಡಿದ. ವಿರುಪಾಕ್ಷಪ್ಪನ ಬಾಯಲ್ಲಿ ಆ ಮಾತನ್ನು ಅವನು ಕೇಳಿದ್ದೇ ಇಲ್ಲವೇನೋ. ಸಂಗ್ರಾಮ ಮಾತ್ರ ಯಾವ ಅನುಮಾನವೂ ಇಲ್ಲದೆ, "ಅಡ್ಡಿಯಿಲ್ಲ್ರಿ, ಕೇಳಿ ಹೇಳ್ರಿ, ಫೋನ್ ಮಾಡ್ರಿ ಸಾಕು, ಇವತ್ತಽ ಬಂದು ಕೂಡಸ್ತೀನಿ," ಎಂದ. ಕೇಳಿ ಹೇಳುವುದು. ಅಷ್ಟೇ ಮಾತು. ಅದನ್ನು ಬೆನ್ನಿಗೆ ಕಟ್ಟಿಕೊಂಡವನಂತೆ ವಿರುಪಾಕ್ಷಪ್ಪ ತಿರುಗಿ ಹೊರಟ.

ದಾರಿಯಲ್ಲಿ ಹಳೆಯ ಮನೆಯ ಬಚ್ಚಲು ನೆನಪಾಯಿತು. ಆಗ ಗೀಜರೆಲ್ಲಿ, ನೀರು ಕಾಯಿಸುವ ತಾಮ್ರದ ಬಂಬ. ನಡುವಿನ ಕೊಳವೆಯಲ್ಲಿ ಕಬ್ಬಿನ ಒಣ ರವದಿ, ಕುಳ್ಳು, ಏನು ಸಿಕ್ಕಿದರೆ ಅದನ್ನು ತುರುಕಿ ಉರಿ ಹಾಕುವುದು. ಹಾಕುತ್ತಿದ್ದವಳು ಅವಳೇ. ಮೊದಲ ನೀರು ಅಪ್ಪನಿಗೆ, ಆಮೇಲೆ ತನಗೆ, ತಮ್ಮಂದಿರಿಗೆ, ಬಂದ ಬೀಗರಿಗೆ, ಮಕ್ಕಳಿಗೆ. ಮೇಲಿಂದ ತಣ್ಣೀರು ಸುರಿಯುತ್ತ ಸುರಿಯುತ್ತ ಬಂಬದ ನೀರು ಉಗುರು ಬೆಚ್ಚಗೂ ಉಳಿಯುತ್ತಿರಲಿಲ್ಲ; ಆಗ ಅವಳ ಸರದಿ. ಅವನು ರುಮಾಲು ಸುತ್ತಿ ಮುಗಿಸುವುದರೊಳಗೆ ಅವಳ ಜಳಕ ಮುಗಿದು, ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಒಲೆಯ ಮುಂದೆ ಇರುತ್ತಿದ್ದಳು. ಹೆಂಗಸರಲ್ಲೇ ಅವಳು ಭಾಳ ಚುರುಕು ಎಂದು ಅವನು ನಾಲ್ಕು ಜನರೆದುರು ಹೊಗಳಿದ್ದೂ ಉಂಟು. ಚುರುಕು! ಎದುರಿನಿಂದ ಬಂದ ಲಾರಿಯ ಹಾರ್ನಿಗೆ ಬೆಚ್ಚಿ ಬದಿಗೆ ಸರಿದ. ಥಂಡಿಯಲ್ಲಿ ಯಾರು ತಾನೇ ನಿಧಾನ ಜಳಕ ಮಾಡುತ್ತಾರೆ.

ಭಾನುವಾರವಾದ್ದರಿಂದ ಪ್ರಾಜಕ್ತಾ ಮನೆಯಲ್ಲಿದ್ದಳು. ಊಟಕ್ಕೆ ಕೂತಾಗ ವಿರುಪಾಕ್ಷಪ್ಪ ಗ್ಯಾಸಿನ ಗೀಜರ್ ತರಿಸುವುದಾಗಿ ಹೇಳಿದ. ಕೇಳಿದಂತೆ ಅಲ್ಲ, ಆಗಿಹೋದ ಸಂಗತಿಯಂತೆ. ಪ್ರಾಜಕ್ತಾ ರೊಟ್ಟಿ ಬಡಿಸುತ್ತ, "ಛಲೋ ಆತ್ರಿ ಮಾವಾರ. ಆದ್ರ ಅದನ್ನ ಬಚ್ಚಲದಾಗ ಕೂಡಸಾಕ ಬ್ಯಾಡ್ರಿ. ಬಾಗಲಾ ಹಾಕ್ಕೊಂಡ್ರ ಗ್ಯಾಸ್ ತುಂಬಿ ಜೀವಕ್ಕ ಅಪಾಯ ಐತಿ. ಹಿತ್ತಲದ ಗ್ವಾಡಿಗಿ ಹೊರಗ ಹಾಕಿ, ನೀರಿನ ಪೈಪ್ ಅಷ್ಟ ಒಳಗ ತರೂಣು," ಎಂದಳು. ಸರಿಯಾದ ಮಾತು. ಅವನು ತಲೆಯಾಡಿಸಿದ. ಶಿವಗಂಗವ್ವ ಹಾಲಿನಲ್ಲಿ ರೊಟ್ಟಿಯ ತುಣುಕುಗಳನ್ನು ಎಡಗೈಯಿಂದ ಅದ್ದುತ್ತಿದ್ದಳು. ಆ ಕೈಯನ್ನೇ ನೋಡುತ್ತ, ಒಂದು ತುತ್ತು ನುಂಗಿ, ನೀರು ಕುಡಿದು, ಅವನು ಕೇಳಿದ:

"ನಿನ್ನ ಎಡಗೈಲೆ ನಳಾ ತಿರವಾಕ ಬರತೈತೇನ?"

ಅವಳು ಕೈ ನಿಲ್ಲಿಸಿದಳು. ಲಕ್ವದ ಮೇಲೆ ಅವಳ ಮಾತು ನಿಧಾನ. ಆದರೆ ಒಂದೊಂದು ಮಾತೂ ಸ್ಪಷ್ಟ.

"ಬರತೈತ್ರಿ. ದೀಪಾವಳಿಗೇ ಬರಾಕತ್ತಿತ್ತು."

"ಮತ್ತ ಹೇಳಲಿಲ್ಲ?"

"ಹೆಂಗ ಹೇಳ್ಲಿ." ಅವಳು ಸೊಸೆಯ ಕಡೆ ನೋಡಿ, ಮತ್ತೆ ಬಟ್ಟಲಿನ ಕಡೆ ನೋಡಿದಳು. "ನಿಮಗ ಜಳಕಾ ಮಾಡ್ಸೂದ ಒಂದ ಸಮಾಧಾನ ಆಗಿತ್ತು. ಮಾರಿ ಮ್ಯಾಲ ಕಾಣತಿತ್ತು. ನಾ ಬ್ಯಾಡಂದ್ರ ನೀವ ಮುಂಜಾನಿ ಎದ್ದು ಏನ ಮಾಡಾವ್ರು ಅಂತ ಸುಮ್ಮ ಕುಂತೆ."

ಪ್ರಾಜಕ್ತಾ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ವಿರುಪಾಕ್ಷಪ್ಪ ಎದ್ದು ಹೋಗಲಿಲ್ಲ, ಗದರಲೂ ಇಲ್ಲ. ತಾಟಿನಲ್ಲಿದ್ದ ಪಲ್ಯವನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದ. ಶಿವಗಂಗವ್ವ ಮಾತು ಮುಗಿಸಿರಲಿಲ್ಲ.

"ನಳಾ ಕೆಳಗಿರ್ಲಿ. ಎಡಕ್ಕ. ಕುಂತಲ್ಲೇ ಕೈಗಿ ಬರಬೇಕು. ಮತ್ತ ನೀವ ಹೊರಗ ಇರ್ರಿ. ಬಾಗಲಾ ಮುಚ್ಚಿ ಒಬ್ಬಾಕೀನ ಮಾಡ್ತೇನಿ."

ಮಧ್ಯಾಹ್ನ ಮಂಚದ ಮೇಲೆ ಅಡ್ಡಾದವನಿಗೆ ನಿದ್ದೆ ಹತ್ತಲಿಲ್ಲ. ತಾನು ಅವಳಿಗೆ ಕೊಡುತ್ತಿದ್ದೇನೆ ಎಂದುಕೊಂಡದ್ದನ್ನು ಅವಳು ತನಗೆ ಕೊಡುತ್ತಿದ್ದಳು. ದೀಪಾವಳಿಯಿಂದ ಇಲ್ಲಿಯವರೆಗೆ, ದಿನಾ ಮುಂಜಾನೆ, ತನ್ನ ಮೈಯನ್ನು ಅವನ ಕೈಗೆ ಒಪ್ಪಿಸಿ ಕಣ್ಣು ಮುಚ್ಚಿ ಕೂತವಳು ನಾಚಿಕೆಯನ್ನು ನುಂಗಿಕೊಂಡು ಕೂತಿದ್ದಳೋ, ಅವನ ಮೇಲಿನ ಕನಿಕರದಿಂದ ಕೂತಿದ್ದಳೋ. ಇವತ್ತಿನ ನೋಟದ ಅರ್ಥ ಈಗ ತಿಳಿಯಿತು: ಇನ್ನು ಹೇಳಲೇಬೇಕು, ಹೇಗೆ ಹೇಳಲಿ ಎಂದು ಅವಳು ಯೋಚಿಸುತ್ತಿದ್ದಳು. ಮುಖಕ್ಕೆ ಬಿಸಿ ಏರಿತು. ಮಚ್ಚೆ ನೆನಪಾಗಿ, ಅದು ತಾನು ಕದ್ದು ನೋಡಿದ್ದರ ಹಾಗೆನಿಸಿತು. ಮರುಕ್ಷಣವೇ ಅದನ್ನಿನ್ನು ನೋಡುವುದಿಲ್ಲವಲ್ಲ ಎಂದು ಮನಸ್ಸು ಚಿಕ್ಕ ಹುಡುಗನ ಹಾಗೆ ರಚ್ಚೆ ಹಿಡಿಯಿತು. ಬೇಡ ಎಂದುಬಿಟ್ಟರೆ? ಕಾರಣಗಳು ತಾವಾಗಿ ಸಾಲುಗಟ್ಟಿ ಬಂದವು. ಬೋರಿನ ನೀರು ಸವಳು, ಒಳಗಿನ ಸಣ್ಣ ಕೊಳವೆಯಲ್ಲಿ ಉಪ್ಪು ಕಟ್ಟುತ್ತದೆ. ಟಾಕಿ ಎತ್ತರವಿಲ್ಲ, ಒತ್ತಡ ಸಾಲದೆ ಉರಿ ಹತ್ತುವುದಿಲ್ಲ. ಒಬ್ಬಳೇ ಒಳಗೆ ಜಾರಿ ಬಿದ್ದರೆ ಬಾಗಿಲು ಒಡೆಯಬೇಕು. ಒಂದೂ ಸುಳ್ಳಲ್ಲ. ಅದೇ ಅವುಗಳ ಸೊಗಸು.

ಪ್ರಾಜಕ್ತಾ ಚಹಾ ತಂದಿಟ್ಟು, "ಸಂಗ್ರಾಮಗ ಫೋನ್ ಮಾಡ್ಲ್ಯಾ ಮಾವಾರ?" ಎಂದಳು.

"ನಮ್ಮ ನೀರ ಸವಳ ಐತವಾ. ಆ ಮಷೀನ್ ತಡೀತೈತೋ ಇಲ್ಲೋ."

"ಹೌದೇನ್ರಿ? ಹಂಗಾರ ಬಿಡೂಣ್ರಿ. ನಿಮಗ ಗೊತ್ತಿದ್ದಷ್ಟ ನಮಗೇನ ಗೊತ್ತು," ಎಂದು ಅವಳು ಅಲ್ಲಿಗೇ ಒಪ್ಪಿಬಿಟ್ಟಳು. ಅವಳ ಮುಖದಲ್ಲಿ ಅನುಮಾನದ ಎಳೆಯಾದರೂ ಇದೆಯೇ ಎಂದು ಹುಡುಕಿದ, ಇರಲಿಲ್ಲ. ಊರಿನವರಂತೆ ಅವಳೂ ಚಹಾದ ತಟ್ಟೆ ಹಿಡಿದು ಹೊರಡಲು ತಿರುಗಿದಳು. ಆಗ ಪಕ್ಕದ ಕೋಣೆಯಲ್ಲಿ ಟಕ್ ಟಕ್ ಎನ್ನುತ್ತಿದ್ದ ಕೋಲು ನಿಂತಿತು. ಶಿವಗಂಗವ್ವ ಬಾಗಿಲಾಚೆ ನಿಂತಿದ್ದಾಳೆ, ಕೇಳಿಸಿಕೊಂಡಿದ್ದಾಳೆ. ಬರುತ್ತಾಳೆ, ಜಗಳ ತೆಗೆಯುತ್ತಾಳೆ ಎಂದು ಕಾದ. ಅವಳು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೋಲು ಮತ್ತೆ ಟಕ್ ಎಂದಿತು, ಆಚೆ ದಿಕ್ಕಿಗೆ, ನಿಧಾನಕ್ಕೆ, ಸರದಿ ಇನ್ನೂ ಬಂದಿಲ್ಲವೆಂದು ತಿಳಿದು ಸರಿದು ಹೋಗುವವಳ ಹಾಗೆ.

"ತಡಿ," ಎಂದ ವಿರುಪಾಕ್ಷಪ್ಪ. ಧ್ವನಿ ತುಸು ದೊಡ್ಡದಾಗಿಯೇ ಬಂತು, ಪಕ್ಕದ ಕೋಣೆಗೂ ಕೇಳುವಷ್ಟು. "ಸವಳ ನೀರಿನ ಸಲುವಾಗಿ ನಿಲ್ಲೂ ಕೆಲಸ ಅಲ್ಲ ಇದು. ಆಗಾಗ ತೊಳಸಿದ್ರ ಆತು. ಫೋನ್ ಕೊಡು, ನಾನಽ ಮಾತಾಡತೇನಿ."

ಸಂಗ್ರಾಮ ಒಂದೇ ರಿಂಗಿಗೆ ಎತ್ತಿದ. ವಿರುಪಾಕ್ಷಪ್ಪ ಪಡಸಾಲೆಯ ನಡುವೆ ನಿಂತು, ಸಂತೆಯಲ್ಲಿ ನಿಂತವನ ಗಟ್ಟಿ ಧ್ವನಿಯಲ್ಲಿ ಹೇಳಿದ: "ಹಾಂ ಸಂಗ್ರಾಮ, ಕೇಳೀನಿ. ಎಡಗೈಲೆ ನಳಾ ತಿರವತಾಳ ನಮ್ಮ ಮನಿಯಾಕಿ. ಕೆಳಗ, ಎಡಕ್ಕ ಕೂಡಸಬೇಕು. ಹಿಡಕೊಳ್ಳಾಕ ಗ್ವಾಡಿಗಿ ಒಂದ ಸ್ಟೀಲಿನ ಹಿಡಿಕೀನೂ ತಗೊಂಡ ಬಾ. ಮತ್ತ ಇನ್ನೊಂದ ಮಾತು. ಮುಂಜಾನಿ ಹೆಣ್ಣಮಗಳ ಬರ್ತಾಳ ಅಂದಿದ್ನಲ್ಲಾ, ಯಾರೂ ಬರಾಂಗಿಲ್ಲ. ಇಲ್ಲಿತನಕಾ ಜಳಕಾ ಮಾಡಸ್ತಿದ್ದಾಂವಾ ನಾನಽ. ಶಿವರಾಜ ಅಲ್ಲೇ ಇದ್ರ ಅವಗೂ ಹೇಳು." ಆ ಕಡೆಯಿಂದ ಸಂಗ್ರಾಮ, "ಆತ್ರಿ ಕಾಕಾ, ಸಂಜೀಕ ಬರ್ತೀನ್ರಿ," ಎಂದ. ಪ್ರಾಜಕ್ತಾ ಮಾವನ ಮುಖ ನೋಡದೆ ಚಹಾದ ಬಸಿಯನ್ನು ಒಂದೇ ಸಮನೆ ಒರೆಸುತ್ತಿದ್ದಳು.

ಅಂದು ಸಂಜೆಯೇ ಬಿಳಿ ಪೆಟ್ಟಿಗೆ ಹಿತ್ತಲಿನ ಗೋಡೆಗೇರಿತು. ಮರುದಿನ ಮುಂಜಾನೆ ಪ್ರಾಜಕ್ತಾ ಕಾಲೇಜಿಗೆ ಹೋಗುವ ಮುನ್ನ ಅತ್ತೆಯನ್ನು ಮಣೆಯ ಮೇಲೆ ಕೂರಿಸಿ, ಟಾವೆಲ್ಲು ಸೀರೆ ಎಡಗೈಗೆ ಸಿಗುವಂತೆ ಇಟ್ಟು, "ಬಾಗಲಾ ಮುಚ್ಚಲ್ಯಾ ಅತ್ಯಾರ?" ಎಂದಳು. "ಮುಚ್ಚವಾ," ಎಂದಳು ಶಿವಗಂಗವ್ವ. ಅಗುಳಿ ಹಾಕಬಾರದು ಎಂಬ ಒಂದು ಮಾತಿಗೆ ಅವಳು ಒಪ್ಪಿದ್ದಳು. ವಿರುಪಾಕ್ಷಪ್ಪ ಪಡಸಾಲೆಯಲ್ಲಿ ಕೂತ, ಎದ್ದ, ರುಮಾಲು ಸುತ್ತಿದ, ಬಿಚ್ಚಿದ. ಕೈಗಳಿಗೆ ಕೆಲಸವಿರಲಿಲ್ಲ. ಕಡೆಗೆ, ಪೈಪಿನ ಜೋಡಣೆ ಸೋರುತ್ತಿದೆಯೇ ನೋಡಬೇಕಲ್ಲ ಎಂದುಕೊಂಡು ಹಿತ್ತಲಿಗೆ ಬಂದ. ಪೆಟ್ಟಿಗೆಯ ಮುಖದಲ್ಲಿ ಬೆರಳಗಲದ ಗಾಜಿನ ಕಿಂಡಿ. ಒಳಗೆ ಕತ್ತಲೆ. ಅವಳು ತಿರುವಲಾರಳೇ? ಕೈ ಸಾಲದೇ? ಕೂಗಲೆಂದು ಬಾಯಿ ತೆರೆದ. ಅಷ್ಟರಲ್ಲಿ ಟಿಕ್ ಟಿಕ್ ಎಂದು ಸದ್ದಾಗಿ ಕಿಂಡಿಯ ತುಂಬ ನೀಲಿ ಉರಿ ಹತ್ತಿತು. ಗೋಡೆಯಾಚೆ ನೀರು ಬೀಳುವ ಸದ್ದು. ಮೊದಲು ಕಲ್ಲಿನ ಮೇಲೆ, ಆಮೇಲೆ ಮೆತ್ತಗೆ, ಮೈಮೇಲೆ. ಉರಿ ಆರಿತು, ಸಾಬೂನು ಹಚ್ಚಿಕೊಳ್ಳುತ್ತಿದ್ದಾಳೆ. ಹತ್ತಿತು. ಆರಿತು. ಮತ್ತೆ ಹತ್ತಿ, ಈ ಸಲ ಉರಿಯುತ್ತಲೇ ಇತ್ತು. ಹಿತ್ತಲಿಗೆ ಬಿಸಿಲು ಬಂತು. ಕಾಗೆಯೊಂದು ಕಟ್ಟೆಯ ಮೇಲಿನ ಅನ್ನ ಹೆಕ್ಕಿ ಹೋಯಿತು. ಪ್ರಾಜಕ್ತಾಳ ಬಸ್ಸು ಹಾರ್ನ್ ಹಾಕಿ ಊರು ದಾಟಿತು. ಉರಿ ಉರಿಯುತ್ತಲೇ ಇತ್ತು. ಇಷ್ಟು ಉದ್ದದ ಜಳಕ ಅವಳಿಗೆ ಬೇಕಾಗಿತ್ತೆಂದು ಅವನಿಗೆ ಎಂದೂ ಗೊತ್ತಿರಲಿಲ್ಲ.

ಜೇಬಿನಲ್ಲಿ ಫೋನ್ ಗುಂಯ್‌ಗುಟ್ಟಿತು. ತೋಟದಿಂದ ಸಂಜಯ. ಔಷಧದವರು ಬಂದು ನಿಂತಿದ್ದಾರೆ, ಬೇಗ ಬರ್ರಿ ಎಂದ.

"ತಡಾ ಆಗತೈತಪಾ," ಎಂದ ವಿರುಪಾಕ್ಷಪ್ಪ ತಗ್ಗಿದ ದನಿಯಲ್ಲಿ. "ನಿಮ್ಮವ್ವ ಜಳಕಾ ಮಾಡಾಕತ್ತಾಳ."

ಫೋನ್ ಇಟ್ಟ ಕೂಡಲೇ ನೀರು ನಿಂತು ಕಿಂಡಿ ಕಪ್ಪಾಯಿತು. ಗೋಡೆಯಾಚೆಯಿಂದ ಶಿವಗಂಗವ್ವನ ದನಿ, ನಿಧಾನವಾಗಿ, ಒಂದೊಂದೇ ಮಾತಾಗಿ:

"ಅಲ್ಲೇ ನಿಂತೀರೇನ್ರಿ?"

"ಇಲ್ಲ," ಎಂದ ಅವನು.

ಒಳಗೆ ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಕೇಳಿದ ನಗು; ಬಾಯಿಯ ಒಂದೇ ಬದಿಯಿಂದ ಬಂದದ್ದಕ್ಕೆ ಸ್ವಲ್ಪ ಸೊಟ್ಟಗಿತ್ತು. ನಗು ಮುಗಿದ ಮೇಲೆ ಟಿಕ್ ಟಿಕ್ ಎಂದು ಉರಿ ಮತ್ತೆ ಹತ್ತಿತು.